ಲಾ ಡೀಗ್‌ನ ಕರಿ ರಾಜಹಕ್ಕಿ: ಕಾಯಿಲೆಯಲ್ಲ, ಕಾಜಾಣವೂ ಅಲ್ಲ

ಓದುಗರ ಪ್ರಶ್ನೆ:

"ಸರ್, ನಮ್ಮದು ತೀರ್ಥಹಳ್ಳಿ ಕಡೆ. ಮನೆ ಹಿಂದಿನ ತೋಟಕ್ಕೆ ರಾಜಹಕ್ಕಿ ಬರುತ್ತೆ, ಚಿಕ್ಕಂದಿನಿಂದ ನೋಡಿ ಗೊತ್ತು. ಹೋದ ತಿಂಗಳು ನಾನೂ ನನ್ನ ಹೆಂಡತಿಯೂ ಸೇಶೆಲ್ಸ್‌ಗೆ ಹೋಗಿದ್ವಿ. ಲಾ ಡೀಗ್ ದ್ವೀಪದಲ್ಲಿ ಸೈಕಲ್ ತುಳಿಯುವಾಗ ದಾರಿ ಪಕ್ಕದ ಮರದಲ್ಲಿ ಒಂದು ಹಕ್ಕಿ ಕಂಡಿತು. ಪೂರ್ತಿ ಕಪ್ಪು, ಬಾಲ ಮಾತ್ರ ನಮ್ಮ ರಾಜಹಕ್ಕಿಯದ್ದೇ. ಅದೇ ಮರದಲ್ಲಿ ಕಪ್ಪು ತಲೆ, ಕಂದು ಬೆನ್ನು, ಬಿಳಿ ಹೊಟ್ಟೆಯ ಇನ್ನೊಂದು ಹಕ್ಕಿ ಇತ್ತು. ನನ್ನ ಗೆಳೆಯ ಕಪ್ಪು ಹಕ್ಕಿಯನ್ನು ಕಾಜಾಣ ಅಂತಾನೆ. ಸೇಶೆಲ್ಸ್‌ನಲ್ಲಿ ಕಾಜಾಣ ಇದೆ ಅಂತ ನೆಟ್‌ನಲ್ಲಿ ತೋರಿಸಿಯೂ ಬಿಟ್ಟ. ನನಗೇನೋ ನಮ್ಮ ರಾಜಹಕ್ಕಿಯೇ ವಲಸೆ ಹೋಗಿ ಅಲ್ಲಿ ಉಳಿದು ಬಣ್ಣ ಕೆಟ್ಟಿದೆ ಅನ್ನಿಸುತ್ತೆ. ಯಾಕಂದ್ರೆ ಐದನೇ ಫೋಟೋದಲ್ಲಿ ಕಂದು ಹಕ್ಕಿಯ ಮೇಲೆ ಅಲ್ಲಲ್ಲಿ ಕಪ್ಪು ಕಲೆ ಇದೆ. ಏನಾದರೂ ಕಾಯಿಲೆಯಾ? ಸೈಕಲ್ ಬಾಡಿಗೆ ಕೊಟ್ಟವನು ಇದರ ಹೆಸರು 'ವಿಧವೆ' ಅಂದ. ಮದುವೆಯಾಗಿ ಮೂರು ತಿಂಗಳು. ಮನೆಯಲ್ಲಿ ಫೋಟೋ ತೋರಿಸುವಾಗ ಬಾಯಿ ತಪ್ಪಿ ಆ ಹೆಸರು ಹೇಳಿಬಿಟ್ಟೆ, ಅಜ್ಜಿ ಮುಖ ಸಣ್ಣದು ಮಾಡಿಕೊಂಡರು. ಇನ್ನೊಂದು ವಿಷಯ. ಕೊಂಬೆಯ ತುದಿಯಲ್ಲಿ ಗೂಡಿತ್ತು. ಕೈ ಎತ್ತಿ ಫೋನಿನಲ್ಲಿ ಹತ್ತು ಹದಿನೈದು ನಿಮಿಷ ಫೋಟೋ ತೆಗೆದೆ. ಒಳಗೆ ಒಂದೇ ಮೊಟ್ಟೆ. ನಾವಿರುವ ತನಕ ಹಕ್ಕಿ ಗೂಡಿಗೆ ಬರಲಿಲ್ಲ. ತಪ್ಪು ಮಾಡಿದೆನಾ ಅಂತ ಕೊರೀತಿದೆ. ಮುಂದಿನ ವರ್ಷ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋ ಯೋಚನೆ ಇದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ಹತ್ತಿರ ಬರುತ್ತಾ?"

ಉತ್ತರ:

ಫೋಟೋಗಳು ಚೆನ್ನಾಗಿವೆ. ಫೋನಿನಲ್ಲಿ ಇಷ್ಟು ಸ್ಪಷ್ಟವಾಗಿ ಬಂದಿವೆ ಅಂದರೆ ನೀವು ತುಂಬಾ ಹತ್ತಿರ ಹೋಗಿದ್ದಿರಿ ಅಂತಲೂ ಅರ್ಥ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಹೆಸರು. ನೀವು ನೋಡಿದ್ದು ಸೇಶೆಲ್ಸ್ ಪ್ಯಾರಡೈಸ್ ಫ್ಲೈಕ್ಯಾಚರ್. ವೈಜ್ಞಾನಿಕ ಹೆಸರು ಟರ್ಪ್ಸಿಫೋನ್ ಕೊರ್ವಿನ. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ, ನಾನು ಕರಿ ರಾಜಹಕ್ಕಿ ಅನ್ನುತ್ತೇನೆ. ಕಪ್ಪು ಹಕ್ಕಿ ಗಂಡು, ಕಂದು ಹಕ್ಕಿ ಹೆಣ್ಣು. ಎರಡು ಜಾತಿಯಲ್ಲ, ಗಂಡ ಹೆಂಡತಿ. ಕೋಗಿಲೆಯನ್ನೇ ನೋಡಿ. ಗಂಡು ಕಡುಕಪ್ಪು, ಹೆಣ್ಣು ಮೈತುಂಬ ಚುಕ್ಕೆಯ ಕಂದು. ಗೊತ್ತಿಲ್ಲದವರು ಅವನ್ನೂ ಎರಡು ಹಕ್ಕಿ ಅಂತಲೇ ಲೆಕ್ಕ ಹಾಕುತ್ತಾರೆ, ಅಲ್ವಾ?

ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಸೇಶೆಲ್ಸ್ ದೇಶದಲ್ಲಿ ಕಾಜಾಣ ಇದೆ. ಆದರೆ ಅದು ಇರುವುದು ಅಲ್ಡಾಬ್ರ ಹವಳದ್ವೀಪದಲ್ಲಿ. ಲಾ ಡೀಗ್‌ನಿಂದ ಅದು ಸಾವಿರ ಕಿಲೋಮೀಟರಿಗೂ ದೂರ. ದೇಶ ಒಂದೇ ಆದರೂ ನಡುವೆ ಬರೀ ಸಮುದ್ರ. ಆ ಕಾಜಾಣ ಅಲ್ಡಾಬ್ರ ಬಿಟ್ಟು ಬೇರೆಲ್ಲೂ ಇಲ್ಲ. ನೆಟ್‌ನಲ್ಲಿ 'ಸೇಶೆಲ್ಸ್‌ನ ಹಕ್ಕಿಗಳು' ಅಂತ ಹುಡುಕಿದರೆ ಎರಡೂ ಒಂದೇ ಪಟ್ಟಿಯಲ್ಲಿ ಬರುತ್ತವೆ, ಅದೇ ಎಡವಟ್ಟು. ದ್ವೀಪರಾಷ್ಟ್ರದ ಹಕ್ಕಿ ಗುರುತಿಸುವಾಗ ದೇಶದ ಪಟ್ಟಿ ನೋಡಬಾರದು, ಆ ದ್ವೀಪದ ಪಟ್ಟಿ ನೋಡಬೇಕು. ಲಾ ಡೀಗ್ ಹತ್ತು ಚದರ ಕಿಲೋಮೀಟರ್ ಇದ್ದರೆ ಹೆಚ್ಚು. ಅಲ್ಲಿ ನೆಲೆಸಿರುವ ಕಾಡುಹಕ್ಕಿಗಳನ್ನು ಬೆರಳಲ್ಲಿ ಎಣಿಸಬಹುದು. ಅಲ್ಲಿ ಉದ್ದ ಬಾಲದ ಕಪ್ಪು ಹಕ್ಕಿ ಇದೊಂದೇ.

ಫೋಟೋ ನೋಡಿಯೂ ಬೇರೆ ಮಾಡಬಹುದು. ಕಾಜಾಣದ ಬಾಲ ತುದಿಯಲ್ಲಿ ಕವಲೊಡೆದಿರುತ್ತದೆ. ನಮ್ಮ ಮಲೆನಾಡಿನ ಭೀಮರಾಜನಿಗೆ ಎರಡು ತಂತಿಯಂಥ ಗರಿ ಇವೆಯಲ್ಲ, ಅವು ಬಾಲದ ಎರಡೂ ಅಂಚಿನಿಂದ ಬಂದ ಗರಿಗಳು. ರಾಜಹಕ್ಕಿಗಳ ಉದ್ದ ಗರಿ ಬಾಲದ ನಟ್ಟನಡುವಿನ ಜೋಡಿ. ನಿಮ್ಮ ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಚಿಕ್ಕ ಬಾಲದ ಗರಿಗಳು ಎರಡೂ ಪಕ್ಕ ಬೀಸಣಿಗೆಯ ಹಾಗಿವೆ, ಉದ್ದದ್ದು ನಡುವಿನಿಂದ ಇಳಿದಿದೆ. ಇದೊಂದು ಗೊತ್ತಿದ್ದರೆ ಊರಲ್ಲೂ ಉಪಯೋಗಕ್ಕೆ ಬರುತ್ತದೆ. ಒಂದು ಕಿವಿಮಾತು: ಗರಿ ಉದುರುವ ಕಾಲದಲ್ಲಿ ಗಂಡಿಗೆ ಉದ್ದ ಬಾಲ ಇರುವುದಿಲ್ಲ. ಆಗ ಬಾಲ ನಂಬಿ ಕೂತರೆ ಮೋಸ ಹೋಗುತ್ತೀರಿ. ಮೈ ಪೂರ್ತಿ ನೀಲಿ ಮಿಂಚಿನ ಕಪ್ಪಿದ್ದು ಮರದಿಂದ ಮರಕ್ಕೆ ಹಾರಿ ಹುಳ ಹಿಡಿಯುತ್ತಿದ್ದರೆ ಅದು ಬಾಲ ಕಳೆದುಕೊಂಡ ಗಂಡು.

ಇನ್ನು 'ನಮ್ಮ ರಾಜಹಕ್ಕಿಯೇ ಅಲ್ಲಿ ಕಪ್ಪಾಗಿದೆ' ಅನ್ನುವ ನಿಮ್ಮ ಊಹೆ. ಇಲ್ಲ. ನಮ್ಮದು ಟರ್ಪ್ಸಿಫೋನ್ ಪ್ಯಾರಡಿಸಿ, ಬೇರೆಯೇ ಜಾತಿ. ಅದೂ ವಲಸೆ ಹೋಗುತ್ತದೆ. ಹಿಮಾಲಯದ ಕಡೆ, ಮಧ್ಯ ಏಷ್ಯಾದಲ್ಲಿ ಮರಿ ಮಾಡಿದವು ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತವೆ. ಆದರೆ ಮಂಗಳೂರಿನಿಂದ ಲಾ ಡೀಗ್‌ಗೆ ಹತ್ತಿರ ಹತ್ತಿರ ಮೂರು ಸಾವಿರ ಕಿಲೋಮೀಟರ್ ನೀರು. ಕೊಂಬೆಯಿಂದ ಕೊಂಬೆಗೆ ಜಿಗಿದು ಬದುಕುವ ಹಕ್ಕಿಗೆ ಅದು ವರ್ಷ ವರ್ಷ ಹೋಗಿಬರುವ ದಾರಿಯಲ್ಲ. ಯಾವತ್ತೋ ಈ ಕುಲದ ಕೆಲವು ಹಕ್ಕಿಗಳು ಈ ಸಾಗರದ ದ್ವೀಪಗಳನ್ನು ಮುಟ್ಟಿದವು. ವಾಪಸ್ ಹೋಗಲಿಲ್ಲ. ಪ್ರತಿ ದ್ವೀಪದಲ್ಲೂ ಅವು ತಮ್ಮ ಪಾಡಿಗೆ ತಾವು ಬದಲಾದವು.

ಹೇಗೆ ಬದಲಾದವು ಅನ್ನುವುದು ನನಗೆ ಯಾವಾಗಲೂ ಮಜಾ ಕೊಡುವ ವಿಷಯ. ನಮ್ಮ ಗಂಡು ಬೆಳ್ಳಗೂ ಇರುತ್ತದೆ, ಇಟ್ಟಿಗೆ ಬಣ್ಣದ್ದೂ ಇರುತ್ತದೆ. ಎರಡಕ್ಕೂ ಉದ್ದ ಬಾಲ, ಕಪ್ಪು ತುರಾಯಿ. ಪಕ್ಕದ ಶ್ರೀಲಂಕಾಕ್ಕೆ ಹೋದರೆ, ಅಲ್ಲೇ ನೆಲೆಸಿರುವ ರಾಜಹಕ್ಕಿಯ ಗಂಡು ಬೆಳ್ಳಗಾಗುವುದೇ ಇಲ್ಲ, ಇಟ್ಟಿಗೆ ಬಣ್ಣದ್ದೇ. ಅಲ್ಲಿ ಬಿಳಿ ಗಂಡು ಕಂಡರೆ ಅದು ಚಳಿಗಾಲದ ನೆಂಟ. ಮಡಗಾಸ್ಕರಿನ ಜಾತಿಯಲ್ಲಿ ಮತ್ತೆ ಎರಡು ಬಣ್ಣದ ಗಂಡುಗಳು. ಮಾರಿಷಸ್ ಮತ್ತು ರಿಯೂನಿಯನ್‌ನಲ್ಲಿ ಇರುವ ಜಾತಿಯ ಗಂಡಿಗೆ ಉದ್ದ ಬಾಲವೇ ಇಲ್ಲ. ಸೇಶೆಲ್ಸ್‌ನಲ್ಲಿ ಬಾಲ ಉಳಿಯಿತು, ಬಣ್ಣ ಪೂರ್ತಿ ಕಪ್ಪಾಯಿತು. ದ್ವೀಪಕ್ಕೆ ಬಂದು ತಲುಪಿದ ನಾಲ್ಕಾರು ಹಕ್ಕಿಗಳಲ್ಲಿ ಯಾವ ಗುಣ ಇತ್ತೋ ಅದು, ಆಮೇಲೆ ಹೆಣ್ಣುಗಳು ಎಂಥ ಗಂಡನ್ನು ಒಪ್ಪಿದವೋ ಅದು, ಇವೆರಡೂ ಸೇರಿ ಇಂಥ ವ್ಯತ್ಯಾಸ ಹುಟ್ಟುತ್ತದೆ. ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಅಪರೂಪಕ್ಕೆ ಕೆಲವು ಹಕ್ಕಿ ಹುಟ್ಟಿನಿಂದಲೇ ಕಪ್ಪಾಗಿರುವುದು ಉಂಟು, ಆದರೆ ಅದು ಸಾವಿರಕ್ಕೊಂದರ ಕಥೆ. ಲಾ ಡೀಗ್‌ನಲ್ಲಿ ಬೆಳೆದ ಗಂಡುಗಳೆಲ್ಲ ಕಪ್ಪೇ. 1867ರಲ್ಲಿ ಎಡ್ವರ್ಡ್ ನ್ಯೂಟನ್ ಇದನ್ನು ಮೊದಲು ವಿಜ್ಞಾನಕ್ಕೆ ಪರಿಚಯಿಸಿದಾಗ 'ಕೊರ್ವಿನ', ಅಂದರೆ ಕಾಗೆಯಂಥದು, ಅಂತ ಹೆಸರಿಟ್ಟರು. ಇಷ್ಟು ಚೆಂದದ ಹಕ್ಕಿಗೆ ಕಾಗೆ ಹೆಸರು ಯಾಕೆ ಬೇಕಿತ್ತೋ!

ಹೆಸರಿನ ಮಾತು ಬಂತು, ಅಜ್ಜಿಯ ವಿಷಯ ಮುಗಿಸೋಣ. ಅಲ್ಲಿನ ಕ್ರಿಯೋಲ್ ಭಾಷೆಯಲ್ಲಿ ಇದನ್ನು 'ವೆವ್' ಅನ್ನುತ್ತಾರೆ. ಮೂಲ ಫ್ರೆಂಚಿನ 'ವವ್', ಅಂದರೆ ವಿಧವೆ. ಯುರೋಪಿನಲ್ಲಿ ಗಂಡ ಸತ್ತವರು ಕಪ್ಪು ಬಟ್ಟೆ ಉಡುತ್ತಿದ್ದರು. ಕಪ್ಪು ಮೈ, ಹಿಂದೆ ಇಳಿಬಿದ್ದ ಕಪ್ಪು ಬಾಲ ನೋಡಿ ಆ ಹೆಸರು ಬಿತ್ತು. ತಮಾಷೆ ಏನೆಂದರೆ ಆ ಬಟ್ಟೆ ತೊಟ್ಟಿರುವುದು ಗಂಡು, ಹೆಂಡತಿ ಪಕ್ಕದ ಕೊಂಬೆಯಲ್ಲೇ ಇದ್ದಾಳೆ. ನಮ್ಮಲ್ಲಿ ಹಿಂದೆ ಗಂಡ ಸತ್ತವರಿಗೆ ಬಿಳಿ ಸೀರೆ ಉಡಿಸುವವರೂ ಇದ್ದರು. ಹಾಗೆ ನೋಡಿದರೆ ಆ ಹೆಸರು ನಿಮ್ಮ ತೋಟದ ಬಿಳಿ ಹಕ್ಕಿಗೆ ಬರಬೇಕಿತ್ತು. ಅದನ್ನು ನಾವು ರಾಜ ಅಂತ ಕರೆದೆವು! ಅಜ್ಜಿಗೆ ಇಷ್ಟು ಹೇಳಿ. ನೀವು ನೋಡಿದ್ದು ಒಂದು ಜೋಡಿ ಮತ್ತು ಅವುಗಳ ಗೂಡು. ಶಕುನ ನೋಡುವುದೇ ಆದರೆ ಇದಕ್ಕಿಂತ ಒಳ್ಳೆಯದು ಬೇಕಾ?

ಈಗ ನಿಮಗೆ ಕೊರೆಯುತ್ತಿರುವ ಪ್ರಶ್ನೆ. ಗೂಡು.

ಸುಮ್ನೆ ಸಮಾಧಾನ ಹೇಳುವುದಿಲ್ಲ, ಹೆದರಿಸುವುದೂ ಇಲ್ಲ. ಹದಿನೈದು ನಿಮಿಷ ಕಾವು ತಪ್ಪಿದ್ದಕ್ಕೇ ಮೊಟ್ಟೆ ಕೆಡುವುದು ಕಷ್ಟ. ಅದು ಭೂಮಧ್ಯರೇಖೆಯ ಪಕ್ಕದ ಊರು, ನೆರಳಲ್ಲೂ ಬೆಚ್ಚಗೇ ಇರುತ್ತದೆ. ತಂದೆ ತಾಯಿ ದೂರದಲ್ಲಿ ಕೂತು ನೀವು ಯಾವಾಗ ಹೋಗುತ್ತೀರಿ ಅಂತ ಕಾಯುತ್ತಿದ್ದವು. ನೀವು ಹೊರಟ ಮೇಲೆ ಬಂದು ಕೂತಿರುವ ಸಾಧ್ಯತೆಯೇ ಜಾಸ್ತಿ. ಅಪಾಯ ಬೇರೆ ಕಡೆ ಇದೆ. ಜನ ಗೂಡಿನ ಮುಂದೆ ನಿಂತು ಮೇಲೆ ನೋಡುತ್ತಿದ್ದರೆ, ಮರದ ಮೇಲಿರುವ ಮತ್ತೊಂದು ಹಕ್ಕಿಯೂ ಅಲ್ಲಿಗೆ ನೋಡುತ್ತದೆ.

ಇದು ನನ್ನ ಸ್ವಂತ ಅನುಭವ. ಇಪ್ಪತ್ತು ವರ್ಷದ ಹಿಂದೆ, ಕೆಲಸಕ್ಕೆ ಹೊಸಬ. ಸಾಗರದ ಹತ್ತಿರ ಒಂದು ರಾಜಹಕ್ಕಿ ಗೂಡಿನ ಮುಂದೆ ದಿನಾ ಎರಡು ಗಂಟೆ ಕೂರುತ್ತಿದ್ದೆ. ನಮ್ಮ ರಾಜಹಕ್ಕಿಯಲ್ಲಿ ಗಂಡೂ ಕಾವಿಗೆ ಕೂರುತ್ತದೆ. ಬಾಲ ಗೂಡಿನಿಂದ ಹೊರಗೆ ನೇತಾಡುತ್ತಿರುತ್ತದೆ, ನೋಡಲು ಎರಡು ಕಣ್ಣು ಸಾಲದು. ನಾಲ್ಕನೇ ದಿನ ಹೋದರೆ ಗೂಡಿನ ಅಂಚು ಹರಿದಿತ್ತು. ಒಂದು ಕೆಂಬೂತ ಕೆಳಗಿನ ಪೊದೆಯಿಂದ ನಿಧಾನಕ್ಕೆ ನಡೆದು ಹೋಯಿತು. ಕೆಂಬೂತಕ್ಕೆ ಗೂಡು ತೋರಿಸಿದ್ದು ನಾನೇ ಅಂತ ಇವತ್ತಿಗೂ ಅನ್ನಿಸುತ್ತದೆ. ಆ ಗೂಡಿನಲ್ಲಿ ಮೂರು ಮೊಟ್ಟೆ ಇದ್ದವು.

ಸಂಖ್ಯೆ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ರಾಜಹಕ್ಕಿ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಲಾ ಡೀಗ್‌ನದು ಒಂದೇ. ನೀವು ನೋಡಿದ್ದು ಉಳಿದವು ಒಡೆದುಹೋದ ಗೂಡಲ್ಲ, ಅಲ್ಲಿ ಒಂದೇ ಇಡುವುದು ವಾಡಿಕೆ. ಬಿಸಿ ದ್ವೀಪಗಳ ಹಕ್ಕಿಗಳಲ್ಲಿ ಇದು ಸಾಮಾನ್ಯ. ಹವೆ ವರ್ಷಪೂರ್ತಿ ಒಂದೇ ಥರ, ಕೊಲ್ಲುವ ಚಳಿಗಾಲವಿಲ್ಲ, ವಲಸೆಯ ಕಷ್ಟವಿಲ್ಲ. ಬೆಳೆದ ಹಕ್ಕಿಗಳು ಹೆಚ್ಚು ವರ್ಷ ಬದುಕುತ್ತವೆ, ಜಾಗವೆಲ್ಲ ಮೊದಲೇ ತುಂಬಿರುತ್ತದೆ. ನಾಲ್ಕು ಮರಿ ಹುಟ್ಟಿಸಿ ಬೀದಿಗೆ ಬಿಡುವ ಬದಲು ಒಂದನ್ನೇ ಗಟ್ಟಿಯಾಗಿ ಸಾಕುವುದು ಅಲ್ಲಿನ ಲೆಕ್ಕ. ಬೆಕ್ಕು, ಇಲಿ ಇಲ್ಲದ ದ್ವೀಪದಲ್ಲಿ ಆ ಲೆಕ್ಕ ಸರಿಹೋಗುತ್ತಿತ್ತು. ಮನುಷ್ಯ ಹಡಗಿನಲ್ಲಿ ಅವೆರಡನ್ನೂ ತಂದ ಮೇಲೆ ಲೆಕ್ಕ ತಪ್ಪಿತು. ಜೊತೆಗೆ ನಮ್ಮ ಗೊರವಂಕವನ್ನೂ ತಂದ. ಹೌದು, ನಿಮ್ಮ ಅಂಗಳದ ಅದೇ ಗೊರವಂಕ. ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಅದು ಗೂಡುಗಳ ಪಾಲಿಗೆ ದೊಡ್ಡ ಕಾಟ.

ಹಿಂದೆ ಈ ಹಕ್ಕಿ ಲಾ ಡೀಗ್ ಅಲ್ಲದೆ ಪ್ರಾಲಿನ್, ಫೆಲಿಸಿಟೆಯಂಥ ಸುತ್ತಲಿನ ದ್ವೀಪಗಳಲ್ಲೂ ಇತ್ತು. ತೆಂಗಿನ ತೋಟಕ್ಕೆ ಕಾಡು ಕಡಿದರು. ಇಪ್ಪತ್ತನೇ ಶತಮಾನದ ನಡುವಿಗೆ ಬಂದಾಗ ಉಳಿದದ್ದು ಲಾ ಡೀಗ್‌ನಲ್ಲಿ ಮಾತ್ರ. ಅಲ್ಲೂ ಗುಡ್ಡದ ಮೇಲೆ ಕಡಿಮೆ, ಪಶ್ಚಿಮದ ಕರಾವಳಿ ಬಯಲಿನಲ್ಲೇ ಹೆಚ್ಚು. ಯಾಕೆ ಅಲ್ಲೇ? ಅಲ್ಲಿ ಜೌಗು ನೆಲ ಇದೆ, ಜೌಗಿದ್ದಲ್ಲಿ ಹುಳ ಹುಪ್ಪಟೆ ಜಾಸ್ತಿ. ಮತ್ತು ಎರಡು ಮರಗಳಿವೆ, ತಕಮಕ ಮತ್ತು ಬದಾಮಿಯೆ. ಹೆಸರು ಪರಕೀಯ ಅನ್ನಿಸಿದರೂ ಮರಗಳು ನಿಮಗೆ ಗೊತ್ತಿರುವವೇ. ತಕಮಕ ಅಂದರೆ ನಮ್ಮ ಕರಾವಳಿಯ ಸುರಹೊನ್ನೆ. ಹಿಂದೆ ಅದರ ಕಾಯಿಯ ಎಣ್ಣೆಯಲ್ಲಿ ದೀಪ ಹಚ್ಚುತ್ತಿದ್ದರು. ಬದಾಮಿಯೆ ಅಂದರೆ ಶಾಲೆಯ ಅಂಗಳದಲ್ಲಿ ಕಲ್ಲು ಹೊಡೆದು ಕಾಯಿ ತಿನ್ನುತ್ತಿದ್ದೆವಲ್ಲ, ಆ ಕಾಡುಬಾದಾಮಿ. ನಿಮ್ಮ ಗೂಡಿನ ಫೋಟೋದಲ್ಲಿರುವ ಅಗಲ ಎಲೆ ಅದರದ್ದೇ. ಈ ಮರಗಳ ಇಳಿಬಿದ್ದ ಕೊಂಬೆಯ ತೀರಾ ತುದಿಗೆ ನಾರು ಮತ್ತು ಜೇಡರಬಲೆ ಸೇರಿಸಿ ಬಟ್ಟಲಿನಂಥ ಗೂಡು ಕಟ್ಟುತ್ತವೆ. ಇಲಿ ಅಷ್ಟು ತೆಳು ಕೊಂಬೆಗೆ ಬರುವುದು ಕಷ್ಟ. ಹಾಗಾಗಿಯೇ ಗೂಡು ಎಷ್ಟೋ ಸಲ ದಾರಿಯ ಮೇಲೆ, ಬಯಲಿನ ಅಂಚಿಗೆ ಬಂದು ನೇತಾಡುತ್ತದೆ. ಇಲಿಯಿಂದ ದೂರ ಹೋಗಿ ಸೈಕಲ್ ಸವಾರರಿಗೆ ಹತ್ತಿರವಾಯಿತು, ಪಾಪ.

ಆ ಬಯಲಿನಲ್ಲೇ ಊರೂ ಇದೆ, ಹೋಟೆಲುಗಳೂ ಇವೆ. ಮರ ಕಡಿದು ಮನೆ ಕಟ್ಟಿದರು, ಜೌಗು ಬತ್ತಿಸಿದರು. ಅದು ಸಾಲದು ಅಂತ ಸುರಹೊನ್ನೆಗೆ ರೋಗ ಬಂತು. ತೊಗಟೆ ಕೊರೆಯುವ ಪುಟ್ಟ ದುಂಬಿ ಹರಡುವ ಶಿಲೀಂಧ್ರ ರೋಗ, ಮರ ನಿಂತಲ್ಲೇ ಸೊರಗುತ್ತದೆ. 1990ರ ದಶಕದ ನಡುವಿನಲ್ಲಿ ಎಣಿಸಿದಾಗ ಇಡೀ ಜಗತ್ತಿನಲ್ಲಿ ಈ ಹಕ್ಕಿ ನೂರು ಜೋಡಿಯೂ ಇರಲಿಲ್ಲ. ಮ್ಯೂಸಿಯಂಗಳಲ್ಲಿರುವ ಹಳೆಯ ಹಕ್ಕಿಗಳ ಡಿಎನ್‌ಎಗೆ ಈಗಿನವುಗಳದ್ದನ್ನು ಹೋಲಿಸಿದಾಗ ತಳಿವೈವಿಧ್ಯ ಎಷ್ಟು ಕರಗಿದೆ ಅನ್ನುವುದೂ ಗೊತ್ತಾಯಿತು.

ಆಮೇಲೆ ಒಂದು ಒಳ್ಳೆ ಕೆಲಸ ಆಯಿತು. 2008ರಲ್ಲಿ 23 ಹಕ್ಕಿಗಳನ್ನು ಹಿಡಿದು ಡೆನಿಸ್ ಅನ್ನುವ ಪುಟ್ಟ ಹವಳದ್ವೀಪಕ್ಕೆ ಬಿಟ್ಟರು. ಅದಕ್ಕೆ ಮೊದಲೇ ಅಲ್ಲಿ ಬೆಕ್ಕು, ಇಲಿಗಳನ್ನು ಪೂರ್ತಿ ತೆಗೆದಿದ್ದರು. ಮುಂದೆ ಗೊರವಂಕವನ್ನೂ ತೆಗೆದರು. ಅಲ್ಲಿ ಹಕ್ಕಿ ಹೆಚ್ಚಿತು. ಎಷ್ಟೆಂದರೆ 2018ರಲ್ಲಿ ಡೆನಿಸ್‌ನಿಂದಲೇ 20 ಹಕ್ಕಿ ತೆಗೆದು ಕ್ಯುರ್ಯೂಸ್ ದ್ವೀಪಕ್ಕೆ ಬಿಡಲು ಸಾಧ್ಯವಾಯಿತು. 2020ರಲ್ಲಿ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಇದನ್ನು 'ತೀವ್ರ ಅಪಾಯ'ದ ಮೆಟ್ಟಿಲಿನಿಂದ ಕಡಿಮೆ ಅಪಾಯದ ಮೆಟ್ಟಿಲಿಗೆ ಇಳಿಸಿದರು. ಹಾಗಂತ ನಿಶ್ಚಿಂತೆ ಅಂತಲ್ಲ. ಒಟ್ಟು ಲೆಕ್ಕ ಈಗಲೂ ನೂರುಗಳಲ್ಲೇ ಇದೆ.

ಮುಂದಿನ ವರ್ಷದ ಪ್ರವಾಸಕ್ಕೆ ನನ್ನ ಸಲಹೆ ಸರಳ. ಲಾ ಡೀಗ್‌ನ ವವ್ ರಿಸರ್ವ್‌ಗೆ ಹೋಗಿ. ಸುಮಾರು 20 ಹೆಕ್ಟೇರ್, ಅಂದರೆ ಐವತ್ತು ಎಕರೆಯ ಕಾಡು, ನೆಲ ಸಮತಟ್ಟು. ನಿಮ್ಮ ಅಪ್ಪ ಅಮ್ಮ ಆರಾಮಾಗಿ ನಡೆಯಬಹುದು. ಬೆಳಗ್ಗೆ ಬೇಗ ಹೋಗಿ ಒಂದು ಕಡೆ ಹತ್ತು ನಿಮಿಷ ಸುಮ್ಮನೆ ನಿಂತರೆ ಸಾಕು. ಈ ಹಕ್ಕಿಗೆ ಜನರ ಅಂಜಿಕೆ ಕಡಿಮೆ, ತಾನಾಗಿ ಬರುತ್ತದೆ. ಅಲ್ಲಿನ ರೇಂಜರ್‌ಗಳಿಗೆ ಯಾವ ಜೋಡಿ ಎಲ್ಲಿದೆ ಅನ್ನುವುದು ಗೊತ್ತಿರುತ್ತದೆ, ಕೇಳಿ. ಒಬ್ಬರೇ ಅಲೆದರೂ ಸಿಗಬಹುದು, ಆದರೆ ಗೊತ್ತಿಲ್ಲದೆ ಗೂಡಿನ ಕೆಳಗೇ ನಿಂತುಬಿಡುವ ಸಂಭವ ಇರುತ್ತದೆ. ಡೆನಿಸ್‌ಗೂ ಹೋಗಬಹುದು. ಆದರೆ ಅದು ಖಾಸಗಿ ದ್ವೀಪ, ಒಂದೇ ರೆಸಾರ್ಟು, ದುಡ್ಡು ನೀರಿನ ಹಾಗೆ ಖರ್ಚಾಗುತ್ತದೆ. ಹೋದರೆ ಒಂದು ಎಚ್ಚರ. ಅಲ್ಲಿ ಸೇಶೆಲ್ಸ್‌ನ ಮಡಿವಾಳ ಹಕ್ಕಿಯೂ ಇದೆ, ಅದೂ ಕಪ್ಪೇ. ರೆಕ್ಕೆಯ ಮೇಲೆ ಬಿಳಿ ಪಟ್ಟೆ ಇದ್ದು ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಮಡಿವಾಳ.

ಮೊಬೈಲಿನಲ್ಲಿ ಕೂಗು ಹಾಕಿದರೆ ಬರುತ್ತಾ ಅಂದಿರಿ. ಬರುತ್ತದೆ. ಅದಕ್ಕೇ ಬೇಡ ಅನ್ನುವುದು. ಅದು ನಿಮ್ಮನ್ನು ನೋಡಲು ಬರುವುದಿಲ್ಲ, ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಅಂತ ಜಗಳಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಅದು ಹುಳ ಹಿಡಿಯುತ್ತಿಲ್ಲ, ಗೂಡು ಕಾಯುತ್ತಿಲ್ಲ. ನೀವೊಬ್ಬರು ಒಂದು ಸಲ ಹಾಕಿದರೆ ದೊಡ್ಡ ನಷ್ಟವಿಲ್ಲ ಅನ್ನಿ. ಆದರೆ ಐವತ್ತು ಎಕರೆಗೆ ವರ್ಷಪೂರ್ತಿ ಪ್ರವಾಸಿಗರು ಬರುತ್ತಾರೆ, ಹಕ್ಕಿ ಮರಿ ಮಾಡುವುದೂ ವರ್ಷಪೂರ್ತಿ. ನಮ್ಮಲ್ಲಿ 'ಮರಿ ಮಾಡೋ ಕಾಲ ಬಿಟ್ಟು ಬನ್ನಿ' ಅನ್ನಬಹುದು, ಅಲ್ಲಿ ಅಂಥ ಬಿಡುವಿಲ್ಲ.

ಗೂಡು ಕಂಡರೆ ನಡೆಯುವ ದಾರಿಯಿಂದಲೇ ಒಂದು ಫೋಟೋ, ಮುಂದೆ ಹೋಗಿ. ಕೈ ಎತ್ತುವುದು, ಕೊಂಬೆ ಬಗ್ಗಿಸುವುದು, ಫ್ಲ್ಯಾಶ್ ಬೇಡ. ಈಗ ನಿಮ್ಮ ಬಳಿ ಇರುವ ಗೂಡಿನ ಫೋಟೋಗಳನ್ನು ಅಳಿಸಬೇಕಿಲ್ಲ, ಆದರೆ ಜಾಗದ ಗುರುತು ಇಟ್ಟು ಫೇಸ್‌ಬುಕ್‌ಗೆ ಹಾಕಬೇಡಿ.

ಉಳಿದದ್ದು ಐದನೇ ಫೋಟೋ. ಕಂದು ಮೈಮೇಲೆ ಕಪ್ಪು ಕಲೆ ಇರುವ ಆ ಹಕ್ಕಿಯನ್ನು ನೀವು ಬೇರೆ ಫೋಟೋದಲ್ಲಿರುವ ಹೆಣ್ಣೇ ಅಂದುಕೊಂಡಿದ್ದೀರಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹೆಣ್ಣಿನ ಹೊಟ್ಟೆ ಅಚ್ಚ ಬಿಳಿ, ಇದರದ್ದು ಮಂಕು. ಕಪ್ಪು ಬಂದಿರುವುದು ಗುಂಪು ಗುಂಪಾಗಿ, ಎದೆಯಲ್ಲಿ ಮತ್ತು ಬೆನ್ನಿನಲ್ಲಿ. ಗರಿಗಳು ಹೊಸದಾಗಿ ಹೊಳೆಯುತ್ತಿವೆ, ಕಾಯಿಲೆ ಬಿದ್ದ ಹಕ್ಕಿಯ ಗರಿ ಹಾಗಿರುವುದಿಲ್ಲ. ಈ ಜಾತಿಯಲ್ಲಿ ಎಳೆಯ ಗಂಡು ಮೊದಲು ತಾಯಿಯಂತೆಯೇ ಕಂದಾಗಿರುತ್ತದೆ, ಆಮೇಲೆ ಕಂದು ಗರಿ ಉದುರಿ ಕಪ್ಪು ಗರಿ ಬರುತ್ತದೆ. ನನ್ನ ಲೆಕ್ಕದಲ್ಲಿ ಅದು ಬಣ್ಣ ಬದಲಿಸುತ್ತಿರುವ ಹುಡುಗ. ನೀವು ಎರಡು ಜಾತಿ ಅಂದುಕೊಂಡು ಬಂದದ್ದು ಒಂದೇ ಜಾತಿಯ ಮೂರು ಹಕ್ಕಿ. ಮುಂದಿನ ವರ್ಷ ಹೋಗುವ ಹೊತ್ತಿಗೆ ಆ ಮೂರನೆಯದು ಪೂರ್ತಿ ಕಪ್ಪಾಗಿ, ಬಾಲ ಬಿಟ್ಟುಕೊಂಡು, ತನ್ನದೇ ಒಂದು ಕಾಡುಬಾದಾಮಿ ಮರ ಹುಡುಕುತ್ತಿರಬಹುದು.